ಮಿರ್ದಿಫ್ ವಿಲ್ಲಾದ ಅಡ್ಡಗೋಡೆ

ನಿವೃತ್ತಳಾದ ಮರುವರ್ಷ ದುಬೈಗೆ ಮಗಳ ಮನೆಗೆ ಹೋದೆ. ಮಿರ್ದಿಫ್‌ನಲ್ಲಿ ವಿಲ್ಲಾ ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ವಿಲ್ಲಾ ನಿಜವೇ. ಆದರೆ ಅವಳದ್ದು ಅದರ ಹಾಲಿನ ಅರ್ಧ. ಜಿಪ್ಸಮ್ ಹಲಗೆಯ ಅಡ್ಡಗೋಡೆ ನಿಲ್ಲಿಸಿ ಹಾಲನ್ನು ಎರಡು ಮಾಡಿದ್ದರು. ಒಂದರಲ್ಲಿ ಮಗಳು, ಅಳಿಯ, ಮೊಮ್ಮಗಳು. ಇನ್ನೊಂದರಲ್ಲಿ ಹೋಟೆಲ್ ಕೆಲಸದ ಮಂಗಳೂರಿನ ಕೊಂಕಣಿ ದಂಪತಿ. ಉಳಿದ ಕೋಣೆಗಳಲ್ಲಿ ಮತ್ತೆ ಮೂರು ಸಂಸಾರ. ಅಡುಗೆಮನೆ ಒಂದೇ.

ನಾನು ದುಡಿದದ್ದು ಊರಿನ ನಗರ ಯೋಜನಾ ಕಚೇರಿಯಲ್ಲಿ. ನಮ್ಮದು ಸಣ್ಣ ನಗರ. ಅದರ ಭೂಬಳಕೆ ಯೋಜನೆಯಲ್ಲಿ ಉದ್ದೇಶಗಳ ಅಧ್ಯಾಯ ಬರೆದವಳು ನಾನೇ. ಯಾವ ಜಾಗ ಯಾವುದಕ್ಕೆ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ನೀರು, ಚರಂಡಿ, ರಸ್ತೆ ತಾಳುವಷ್ಟೇ ಜನ ಒಂದೆಡೆ ಇರಬೇಕು. ಬೆಂಕಿ ಬಿದ್ದರೆ ಎಲ್ಲರಿಗೂ ಹೊರಬರಲು ದಾರಿ ಇರಬೇಕು. ಒಂದು ಸಂಸಾರಕ್ಕೆಂದು ಪರವಾನಗಿ ಪಡೆದು ಒಳಗೆ ಬಾಡಿಗೆ ಕೋಣೆಗಳನ್ನು ಮಾಡಿದವರಿಗೆ ನೋಟಿಸು ಬರೆಯುವಾಗ ನನ್ನ ಕೈ ಎಂದೂ ತಡೆದದ್ದಿಲ್ಲ.

"ಇದಕ್ಕೆ ಪರ್ಮಿಷನ್ ಉಂಟಾ?" ಎಂದು ಹೋದ ದಿನವೇ ಮಗಳನ್ನು ಕೇಳಿದೆ.

"ಅಮ್ಮಾ, ನಮ್ಮ ಸಂಬಳಕ್ಕೆ ಇಲ್ಲಿ ಫ್ಲಾಟ್ ಸಿಗುದಿಲ್ಲ. ಬಾಡಿಗೆ ಕಡಿಮೆ ಅಂತ ಶಾರ್ಜಾಕ್ಕೆ ಹೋದ್ರೆ ಇವಳ ಸ್ಕೂಲ್ ಬಿಡಿಸ್ಬೇಕು. ಯಾರಾದ್ರೂ ಬಂದು ಕೇಳಿದ್ರೆ ಒಂದೇ ಫ್ಯಾಮಿಲಿ ಅಂತ ಹೇಳು. ಮತ್ತೆ ಎಂತದೂ ಮಾತಾಡ್ಲಿಕ್ಕೆ ಹೋಗ್ಬೇಡ."

ಮಾತಾಡಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ಮುಂಬಾಗಿಲಲ್ಲಿ ಎಲ್ಲರ ಚಪ್ಪಲಿ, ಶೂ ಒಂದೇ ರಾಶಿ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಅದನ್ನು ಬಿಡಿಸಿ, ಸಂಸಾರಕ್ಕೊಂದು ಸಾಲು ಮಾಡಿ, ನಡುವೆ ಜಾಗ ಬಿಟ್ಟು ಜೋಡಿಸತೊಡಗಿದೆ.

ಪಕ್ಕದ ಕೋಣೆಯ ಕೊಂಕಣಿ ಹೆಂಗಸು ನಕ್ಕಳು. "ಎಂತ ಆಂಟಿ, ಚಪ್ಪಲಿಗೂ ಲೇಔಟಾ? ನಮ್ದು ಕಾರ್ನರ್ ಸೈಟ್ ಆಗ್ಬೇಕು ಮಾರಾಯ್ರೆ."

ಒಂದು ದಿನ ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ ಮುನಿಸಿಪಾಲಿಟಿಯ ಇಬ್ಬರು ಬಂದರು. ಅವರಲ್ಲಿ ಕಿರಿಯವನು ಎಷ್ಟು ಸಂಸಾರ ಇದ್ದೀರಿ ಎಂದು ಹಿಂದಿಯಲ್ಲಿ ಕೇಳಿದ.

"ಒಂದೇ. ಎಲ್ಲ ನನ್ನ ಮಕ್ಕಳೇ" ಎಂದೆ. ಕಚೇರಿಯಲ್ಲಿ ಇಂಥ ಉತ್ತರವನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೆ.

ಅವನ ಕಣ್ಣು ಕೆಳಗಿಳಿಯಿತು. ಬಿಟ್ಟುಹೋದ ಚಪ್ಪಲಿಗಳ ಐದು ಸಾಲು. ಅವನು ಗದರಲಿಲ್ಲ, ನಗಲೂ ಇಲ್ಲ. ಒಳಗೆ ಬರಬಹುದೇ ಎಂದು ಮರ್ಯಾದೆಯಿಂದ ಕೇಳಿ, ಅಡ್ಡಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ನಾನೂ ಹಾಗೆಯೇ ತಟ್ಟಿ ನೋಡುತ್ತಿದ್ದೆ, ಬೇರೆಯವರ ಮನೆಗಳಲ್ಲಿ.

ಗೋಡೆ ತೆಗೆಯಬೇಕು, ಕೋಣೆ ಖಾಲಿ ಮಾಡಬೇಕು ಎಂದು ನೋಟಿಸು ಬಂತು. ಕೊಟ್ಟ ಕಾರಣಗಳಲ್ಲಿ ನಾನು ತಕರಾರು ತೆಗೆಯಬಹುದಾದದ್ದು ಒಂದೂ ಇರಲಿಲ್ಲ.

"ಖಲಾಸ್, ಆಂಟಿ," ಎಂದಳು ಪಕ್ಕದವಳು. ಈ ಸಲ ನಗಲಿಲ್ಲ.

ಮಗಳಿಗೆ ಚಪ್ಪಲಿಯ ಸಂಗತಿ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಬಿಡಮ್ಮ. ಅವ್ರು ಹೇಗೂ ಒಳಗೆ ಬಂದು ನೋಡ್ತಿದ್ರು," ಎಂದು ಶಾರ್ಜಾದ ಶಾಲೆಗಳಿಗೆ ಫೋನ್ ಮಾಡಲು ಕುಳಿತಳು. ಅದು ನಿಜವಿರಬಹುದು. ನನಗೆ ಸಮಾಧಾನವಾಗಲಿಲ್ಲ.

ಗೋಡೆ ಬಿಚ್ಚಲು ಬಂದ ಇಬ್ಬರು ಕೂಲಿಯವರು ಬೇಗ ಮುಗಿಸಿದರು. ಹಲಗೆಗಳು ಹೊರಗೆ ಹೋದದ್ದೇ, ಆಚೆ ಬದಿಯ ದೊಡ್ಡ ಕಿಟಕಿಯ ಬೆಳಕು ಈಚೆಯ ಮೂಲೆಯವರೆಗೆ ಬಂತು. ನಕ್ಷೆ ಬರೆದವನು ಕಲ್ಪಿಸಿದ್ದ ಕೋಣೆ ಇದು.

"ಹಾಲ್ ಎಷ್ಟು ಚಂದ ಉಂಟು ನೋಡು," ಎಂದುಬಿಟ್ಟೆ.

ಮಗಳು ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

"ಹೌದಮ್ಮ. ಆ ಟೇಪ್ ಕೊಡು."

ಅವಳ ಮುಖ ನೋಡಲಾಗದೆ, ಟೇಪನ್ನು ಪೆಟ್ಟಿಗೆಯ ಮೇಲಿಟ್ಟು ಅಡುಗೆಮನೆಗೆ ಹೋದೆ.