ಓದಿದ್ದಕ್ಕೇ ಕಣ್ಣು ಹೋಯಿತೆಂದರು

ಮೊದಲು ಕಂಡದ್ದು ಬಲ್ಬಿನ ಸುತ್ತ ಬಣ್ಣದ ಬಳೆ. ವಾಡಿಯ ನಮ್ಮ ಕ್ವಾರ್ಟರ್ಸಿನಲ್ಲಿ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ವಾಂತಿಯಾಯಿತು. ಬೆಳಗಾಗುವಷ್ಟರಲ್ಲಿ ಎಲ್ಲ ಸರಿಹೋಗಿತ್ತು.

ಕೆಲವು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಹೋಯಿತು.

ಊರಿನ ಡಾಕ್ಟರು ನಾಲಿಗೆ ನೋಡಿ ಪಿತ್ತ ಎಂದರು. ನಾನು ಬಣ್ಣದ ಬಳೆಯ ಮಾತು ತೆಗೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಅತ್ತೆ ನಡುವೆ ಬಾಯಿ ಹಾಕಿದರು.

"ಭಾಳ ಓದ್ತಾಳ್ರಿ ಸಾಹೇಬ್ರ. ಒಲಿ ಮುಂದ ಕುಂತ್ರೂ ಕೈಯಾಗ ಕಿತಾಬ ಇರ್ತದ."

"ಮತ್ತ ಹಂಗ ಹೇಳ್ರಿ," ಎಂದರು ಡಾಕ್ಟರು, ಚೀಟಿಯಿಂದ ತಲೆ ಎತ್ತದೆ. "ತಂಗಿ, ಓದೋದು ಬಂದ್ ಮಾಡ್ರಿ. ಕಣ್ಣಿಗಿ ತ್ರಾಸ ಆಗ್ಯಾದ."

ಕಣ್ಣಿಗೆ ಟಾರ್ಚು ಕೂಡ ಬಿಡಲಿಲ್ಲ.

ಯಜಮಾನರು ಶಹಾಬಾದಿನ ಲೈಬ್ರರಿಯಿಂದ ತಂದುಕೊಟ್ಟಿದ್ದ ಪುಸ್ತಕಗಳನ್ನೆಲ್ಲ ವಾಪಸು ಕೊಟ್ಟು ಬಂದರು. ಅವರೂ ದಿನಾ ಚಹಾದ ಜೊತೆ ಪೇಪರಿನ ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದರು. ಅವರ ಕಣ್ಣಿನ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಹೆಂಗಸು ಓದಿದರೆ ಮಾತ್ರ ಅದು ರೋಗ. ಚಿಮ್ಮನಚೋಡದಿಂದ ನೋಡಲು ಬಂದ ನನ್ನ ತಾಯಿಯೇ, "ಬಿಟ್ಟುಬಿಡವ್ವ, ಓದಿ ಏನ್ ಸಾಹೇಬ ಆಗೋದದ?" ಎಂದಳು. ಓದು ಬಿಟ್ಟೆ. ನೋವು ಬಿಡಲಿಲ್ಲ. ತಲೆಗೆ ಎಣ್ಣೆ ಒತ್ತಿದರು, ದೃಷ್ಟಿ ತೆಗೆದರು. ಕದ್ದು ಓದುತ್ತಿರಬೇಕು ಎಂದೂ ಅಂದರು.

ಸೇಡಂನಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಹತ್ತಿರದ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಎಳೆದುಕೊಂಡು ಹೋದಳು. ಲೇಡಿ ಡಾಕ್ಟರೊಬ್ಬರು ನನ್ನ ಬಲಗಣ್ಣು ಮುಚ್ಚಿ, ಕೈ ಮುಂದೆ ಹಿಡಿದು, ಎಷ್ಟು ಬೆರಳು ಎಂದು ಕೇಳಿದರು.

ಬೆರಳು ಕಾಣಲಿಲ್ಲ. ಕೈಯೂ ಕಾಣಲಿಲ್ಲ.

ಒಂದು ಕಣ್ಣು ನನಗೆ ಹೇಳದೆಯೇ ಹೋಗಿಬಿಟ್ಟಿತ್ತು. ಇನ್ನೊಂದು ಅದರ ಕೆಲಸವನ್ನೂ ಮಾಡುತ್ತಿತ್ತು.

"ಕಣ್ಣಾಗಿನ ಪ್ರೆಶರ್ ಭಾಳ ಏರ್ಯಾದ. ಗ್ಲಾಕೋಮಾ ಅಂತಾರ ಇದಕ್ಕ. ಯಾಕ್ರಿ ಇಷ್ಟ ತಡಾ ಮಾಡಿದ್ರಿ?"

"ಓದೋದು ಬಿಟ್ಟಿದ್ದೆರಿ ಮೇಡಂ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಓದೋದಕ್ಕೂ ಇದಕ್ಕೂ ಏನ್ ಸಂಬಂಧರಿ?"

ಆ ಪ್ರಶ್ನೆಗೆ ನಾನು ಅಲ್ಲೇ ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಮೊದಲ ದಿನವೇ ಯಾರಾದರೂ ನನ್ನ ಮಾತು ಪೂರ್ತಿ ಕೇಳಿದ್ದರೆ ಸಾಕಿತ್ತು.

ಸೋಲಾಪುರದ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಲೇಸರ್ ಮಾಡಿದರು. ಅದಕ್ಕೂ ಸ್ವಲ್ಪ ಪೆಟ್ಟು ಬಿದ್ದಿತ್ತು, ಆದರೆ ಉಳಿಯಿತು. ಎಡಗಣ್ಣಿನ ನರ ಸತ್ತಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದರು. ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತು ಕೇಳಿದೆ: "ಓದು ಕಸಗೊಂಡ್ರಿ, ಕಣ್ಣೂ ಹೋಯ್ತು. ಈಗೇನ್ ಕಸಗೋತೀರಿ ಹೇಳ್ರಿ?" ಮದುವೆಯಾದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು. ಅವರು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಯಜಮಾನರು ಮಾರನೆಯ ದಿನ ಶಹಾಬಾದಿಗೆ ಹೋಗಿ ಪುಸ್ತಕ ತಂದು ಹಾಸಿಗೆಯ ಹತ್ತಿರ ಇಟ್ಟರು. ತರುವುದೇನೋ ತಂದರು. ಒಂಟಿಗಣ್ಣಿಗೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಎಸೆದೆ.

ಅದನ್ನು ಎತ್ತಿಕೊಂಡವರು ಅತ್ತೆ. ಶ್ರಾವಣದಲ್ಲಿ ಪುರಾಣ ಓದುವ ರಾಗದಲ್ಲೇ ನನಗೆ ಓದಿ ಹೇಳತೊಡಗಿದರು. ಅದು ಹಡಗಿನಲ್ಲಿ ಕೆಲಸ ಮಾಡಿದವನೊಬ್ಬನ ಪ್ರವಾಸಕಥನ.

"ಇಷ್ಟ್ ನೀರಾಗ ಇದ್ದೂ ಜಳಕಕ್ಕ ನೀರಿಲ್ಲಂತಲ್ಲ ಇವನಿಗಿ!" ಎಂದು ಮಧ್ಯೆ ನಿಲ್ಲಿಸಿದಾಗ ಸಿಟ್ಟಿನಲ್ಲೂ ನಗು ಬಂತು.

ಹೀಗೆ ಶುರುವಾದದ್ದು ಕಳೆದ ಒಂದು ವರ್ಷದ ನನ್ನ ಓದು. ಇಷ್ಟು ಸಾವಕಾಶ ನಾನೆಂದೂ ಓದಿರಲಿಲ್ಲ. ಮೊದಲೆಲ್ಲ ಕಥೆಗಾಗಿ ಪುಟ ಹಾರಿಸುತ್ತಿದ್ದೆ. ಈಗ ಹಡಗಿನವನ ಉಪ್ಪುಗಾಳಿಯೂ ನೆನಪಿದೆ, ಅವನು ಬಂದರಿನಲ್ಲಿ ಕೊಂಡ ಕೊಡೆಯೂ ನೆನಪಿದೆ. ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಮಕ್ಕಳಿಗಾಗಿ ಬರೆದ ನಕ್ಷತ್ರಗಳ ಪುಸ್ತಕ. ಅಕ್ಷರ ದೊಡ್ಡದು. ಅದರ ಒಂದು ಪುಟವನ್ನು ಬೆರಳಿಟ್ಟು ನಾನೇ ಓದಿದೆ.

ಒಂದು ಕಾದಂಬರಿ ಮಾತ್ರ ಇಬ್ಬರ ತಲೆಯನ್ನೂ ಕೆಡಿಸಿತು. ಅದರಲ್ಲಿ ಕಣ್ಣು ಕಳೆದುಕೊಂಡ ಹೆಂಡತಿ ಗಂಡನಿಗೆ ಭಾರವಾಗಬಾರದೆಂದು ಬಾವಿಗೆ ಬೀಳುತ್ತಾಳೆ. ಗಂಡ ದೊಡ್ಡ ಮನುಷ್ಯನಾಗುತ್ತಾನೆ. ಅತ್ತೆ ಪುಸ್ತಕ ಮುಚ್ಚಿ ನೆಲಕ್ಕೆ ಕುಕ್ಕಿದರು.

"ಕಣ್ಣ ಹೋದ್ರ ಬಾವಿಗಿ ಬೀಳಬೇಕೇನ? ಬರದಂವಗ ಅಕ್ಕ ತಂಗಿ ಇಲ್ಲೇನ?"

ನಾನು ಅವರ ಕೈ ಹಿಡಿದುಕೊಂಡೆ. ಅವರನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಇವತ್ತಿಗೂ ಹೇಳಲಾರೆ. ಊರಿನ ಡಾಕ್ಟರನ್ನಂತೂ ಇಲ್ಲವೇ ಇಲ್ಲ. ಆದರೆ ಆ ಸಿಟ್ಟಿನಲ್ಲಿ ಆ ದಿನ ನಾನು ಒಬ್ಬಳೇ ಇರಲಿಲ್ಲ.

ಹೋದ ವಾರ ಚೆಕಪ್ಪಿಗೆ ಸೋಲಾಪುರಕ್ಕೆ ಅತ್ತೆಯೇ ಜೊತೆಗೆ ಬಂದರು. ಪ್ರೆಶರ್ ಹತೋಟಿಯಲ್ಲಿದೆ, ಡ್ರಾಪ್ಸ್ ತಪ್ಪಿಸಬೇಡಿ, ಮುಂದೆಯೂ ನೋಡುತ್ತಿರಬೇಕು ಎಂದರು ಅಲ್ಲಿನ ಡಾಕ್ಟರು. ಅಷ್ಟು ಸಾಕು. ವಾಪಸು ಬರುವಾಗ ರೈಲಿನಲ್ಲಿ ಹೊಸ ಪುಸ್ತಕ ತೆಗೆದೆವು. ಎದುರಿಗೆ ಕೂತ ಹೆಂಗಸರು ಕಿವಿಗೊಟ್ಟರು. ನಮ್ಮ ವಾಡಿ ಬಂದು ಗಾಡಿ ನಿಂತಿತು. ನಾನು ಚೀಲ ಹಿಡಿದು ಎದ್ದೆ.

"ತಡಿ, ಏಳಬ್ಯಾಡ," ಎಂದರು ಅತ್ತೆ, ಕನ್ನಡಕ ಮೇಲೆತ್ತಿಕೊಳ್ಳುತ್ತ. "ಇಂಜಿನ್ ಬದಲ್ ಮಾಡ್ತಾರ ಇಲ್ಲಿ, ಗಾಡಿ ಭಾಳ ಹೊತ್ತ ನಿಲ್ತದ. ಈ ಪುಟ ಮುಗೀಲಿ."