ರಾಯರ ಬಾಕ್ಸಿಂಗ್ ಭವಿಷ್ಯ

ಸೂರ್ಯನಾರಾಯಣ ರಾಯರು ಮೈಸೂರಿನಲ್ಲಿ ಮೂವತ್ತೆರಡು ವರ್ಷ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವರು. ಪ್ರಶ್ನೆಪತ್ರಿಕೆಯ ಕಟ್ಟಿಗೆ ಅರಗಿನ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ಅವರ ಕಾಲದಲ್ಲಿ ಒಂದೇ ಒಂದು ಪತ್ರಿಕೆಯೂ ಮೊದಲೇ ಹೊರಬಿದ್ದಿಲ್ಲ. ಇದನ್ನು ಹೇಳಿದವರು ಅವರೇ. ಈ ಬೇಸಿಗೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಹದಿನಾಲ್ಕು ಸಲ.

ಈಗ ಅವರು ಅಮೆರಿಕದ ಫೋರ್ಟ್ ಲೀಯಲ್ಲಿ, ನಮ್ಮದೇ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ, ಮಗಳು ಅಕ್ಷಯಾಳ ಜೊತೆ ಇದ್ದಾರೆ. ತೆಳ್ಳಗಿನ ಆಳು. ಜುಲೈ ತಿಂಗಳಲ್ಲೂ ಸ್ವೆಟರು, ಅದಕ್ಕೆ ಕತ್ತಿನವರೆಗೂ ಗುಂಡಿ. ಲಿಫ್ಟಿನಲ್ಲಿ ಬೇರೆಯವರು ನಂಬರ್ ಒತ್ತಿದ ಮೇಲೂ ತಾವೊಮ್ಮೆ ಒತ್ತುತ್ತಾರೆ, ಮುದ್ರೆ ಸರಿಯಾಗಿ ಬಿದ್ದಿದೆಯೋ ಎಂದು ನೋಡುವ ಹಾಗೆ.

ಕಟ್ಟಡದ ಕೆಳಗೆ ಎಲ್ಲರಿಗೂ ಸೇರಿದ ಒಂದು ಹಾಲ್ ಇದೆ. ಅಲ್ಲಿ ಒಂದು ಟೀವಿ, ಹದಿನಾರು ಮಡಚುವ ಕುರ್ಚಿ. ಜೊತೆಗೆ, ಮನೆ ಖಾಲಿ ಮಾಡಿದವರು ಯಾರೋ ಬಿಟ್ಟುಹೋದ ಒಂದು ಮಸಾಜ್ ಕುರ್ಚಿ. ಸ್ವಿಚ್ ಹಾಕಿದರೆ ಅದರೊಳಗಿನ ಗುಂಡುಗಳು ಸೊಂಟದಿಂದ ಕತ್ತಿನವರೆಗೆ ನಾದುತ್ತ ಹತ್ತುತ್ತವೆ, ನಾದುತ್ತ ಇಳಿಯುತ್ತವೆ.

ಭಾನುವಾರ ಸಂಜೆ ಐದಕ್ಕೆ ನಾವು ನಾಲ್ವರು ಅಲ್ಲಿ ಸೇರುತ್ತೇವೆ. ರಾಯರು, ನಾನು, ಕಲಬುರಗಿಯ ಶರಣಬಸಪ್ಪನವರು, ಮತ್ತು ಮಗ ಶ್ರೀಹರ್ಷನ ಮನೆಗೆ ಆರು ತಿಂಗಳಿಗೆಂದು ಬಂದ ಮದ್ದೂರು ಕಡೆಯ ಕೆಂಪಮ್ಮ. ಶರಣಬಸಪ್ಪನವರು ಹರೆಯದಲ್ಲಿ ಕುಸ್ತಿ ಆಡಿದವರು. ಟೀವಿಯಲ್ಲಿ ಕುಸ್ತಿ ಹುಡುಕುತ್ತ ಹೋಗಿ ಜಪಾನಿ ಚಾನೆಲ್ಲಿನ ಬಾಕ್ಸಿಂಗ್‌ಗೆ ಬಂದು ನಿಂತರು. ಅದು ನಮಗೆಲ್ಲ ಹಿಡಿಸಿತು. ಇಂಗ್ಲಿಷ್ ಚಾನೆಲ್ ಆದರೆ ಅರ್ಥವಾದವರ ಹಾಗೆ ತಲೆ ಆಡಿಸಬೇಕು. ಜಪಾನಿ ಭಾಷೆಯಲ್ಲಿ ಆ ಕಷ್ಟವಿಲ್ಲ, ಅರ್ಥವಾಗದ್ದು ನಾಲ್ವರಿಗೂ ಸಮ.

ಅವರು ತೋರಿಸುವ ರೀತಿಯೂ ಅಚ್ಚುಕಟ್ಟು. ನಡುವೆ ಜಾಹೀರಾತಿಲ್ಲ. ಕೋಟು ಹಾಕಿದ ಮೂವರು ಮೇಜಿನ ಹಿಂದೆ ಕೂತಿರುತ್ತಾರೆ. ಒಬ್ಬ ಕೂಗುತ್ತಾನೆ, ಒಬ್ಬ ನಗುತ್ತಾನೆ, ಮೂಗು ಚಪ್ಪಟೆಯಾದ ಹಳೇ ಬಾಕ್ಸರ್ ಮೆಲ್ಲಗೆ ಮಾತಾಡಿ ಅಂಕ ಹಾಕುತ್ತಾನೆ. ಎಷ್ಟನೇ ರೌಂಡು ಎಂಬ ಅಂಕಿ ಮೂಲೆಯಲ್ಲಿ ಇರುತ್ತದೆ. ಕೊನೆಗೆ ಸೋತವನು ನಾಲ್ಕೂ ದಿಕ್ಕಿಗೆ ಬಗ್ಗಿ ನಮಸ್ಕಾರ ಮಾಡುತ್ತಾನೆ.

ಮಸಾಜ್ ಕುರ್ಚಿಗೆ ಜಗಳವಾಗಬಾರದೆಂದು ರಾಯರೇ ಒಂದು ನಿಯಮ ಮಾಡಿದರು. ಆಟ ಶುರುವಾಗುವ ಮೊದಲು ಗೆಲ್ಲುವವನ ಚಡ್ಡಿಯ ಬಣ್ಣ ಹೇಳಬೇಕು. ಸರಿ ಹೇಳಿದವರಿಗೆ ವಾರವಿಡೀ ಕುರ್ಚಿ. ಇಬ್ಬರು ಸರಿ ಹೇಳಿದರೆ ಮೊದಲು ಬಾಯಿಬಿಟ್ಟವರಿಗೆ.

ಒಂಬತ್ತು ಭಾನುವಾರ ರಾಯರೇ ಮೊದಲು ಬಾಯಿಬಿಟ್ಟರು. ಒಂಬತ್ತೂ ಸರಿಯಾಯಿತು.

"ಭಾರೀ ಹೇಳ್ತೀರಲ್ರೀ ರಾಯರ! ನಾ ಅಖಾಡದಾಗ ಮಣ್ಣು ತಿಂದಾಂವ, ನನಗ ಗೊತ್ತಾಗೂದಿಲ್ಲ" ಎಂದರು ಶರಣಬಸಪ್ಪ.

"ಹೆಜ್ಜೆ ನೋಡಿದ್ರೆ ತಿಳಿಯುತ್ತೆ" ಎಂದು ರಾಯರು ಕಣ್ಣು ಮುಚ್ಚಿ ಕುರ್ಚಿಯ ಸ್ವಿಚ್ ಹಾಕಿದರು.

ಕೆಂಪಮ್ಮನಿಗೆ ಸೊಂಟನೋವು. ಅವಳು ಹಟಕ್ಕೆ ಬಿದ್ದು ಒಂಬತ್ತು ಸಲವೂ ರಾಯರಿಗೆ ಎದುರು ಬಣ್ಣ ಹೇಳಿ ಸೋತಿದ್ದಳು. "ಇನ್ನೊಂದೇ ಬಾನ್ವಾರ ಕಣಕ್ಕ ನಂಗೆ. ಅದಾದ್ ಬೇಸ್ತವಾರ ಇಮಾನ. ಇಪ್ಪತ್ತು ಗಂಟೆ ಕುಂತ್ಕಂಡ್ ಓಗ್ಬೇಕು. ಒಂದ್ ವಾರ ಈ ಕುರ್ಚೀಲಿ ಸೊಂಟ ಸಡ್ಲ ಮಾಡ್ಕಂಡಿದ್ರೆ..." ಎಂದಳು. ರಾಯರಿಗೆ ಕೇಳಿಸಿತು. ಆದರೆ ನಿಯಮ ನಿಯಮವೇ.

ಆ ಒಂಬತ್ತನೇ ಸಂಜೆಯೇ ನನಗೆ ಅನುಮಾನ ಬಂದದ್ದು. ನೀಲಿ ಚಡ್ಡಿಯವನ ಎಡಗಣ್ಣು ಊದಿಕೊಂಡಿತ್ತು. ರಾಯರು ಗತ್ತಿನಿಂದ "ಐದನೇ ರೌಂಡಲ್ಲಿ ಬಿತ್ತಲ್ಲ ಏಟು, ಅದರದ್ದೇ ಅದು" ಎಂದರು. ಉಳಿದಿಬ್ಬರೂ ತಲೆದೂಗಿದರು. ನಾನು ಮೂಲೆಯ ಅಂಕಿ ನೋಡುತ್ತ ಕೂತಿದ್ದೆ. ಅದರಲ್ಲಿ ಮೂರಾದ ಮೇಲೆ ನೇರ ಏಳು ಬಂದಿತ್ತು. ನಾಲ್ಕು, ಐದು, ಆರನ್ನು ತೋರಿಸಿಯೇ ಇರಲಿಲ್ಲ.

ಮಾರನೆಯ ದಿನ ಲಿಫ್ಟಿನಲ್ಲಿ ಅಕ್ಷಯಾ ಸಿಕ್ಕಳು.

"ಅಪ್ಪ ಎಷ್ಟು ಹೆಲ್ಪ್ ಮಾಡ್ತಾರೆ ಗೊತ್ತಾ ಆಂಟಿ? ಎವೆರಿ ಸಂಡೇ ಸೆವೆನ್ ಓ ಕ್ಲಾಕ್‌ಗೆ ಲಾಂಡ್ರಿ ತಗೊಂಡು ಬೇಸ್‌ಮೆಂಟಿಗೆ ಹೋಗ್ತಾರೆ. ಟೂ ಅವರ್ಸ್! ಸೋ ಸ್ವೀಟ್."

"ತುಂಬಾ ಬಟ್ಟೆ ಇರುತ್ತೇನಮ್ಮ?"

"ಅಯ್ಯೋ ಇಲ್ಲ ಆಂಟಿ, ಎರಡು ಟವಲ್ ಅಷ್ಟೆ."

ಮುಂದಿನ ಭಾನುವಾರ ಬೆಳಗ್ಗೆ ಏಳೂಕಾಲಿಗೆ ನಾನು ಒಂದು ಸೀರೆ ಹಿಡಿದು ಕೆಳಗಿಳಿದೆ. ಲಾಂಡ್ರಿ ರೂಮಿನ ಗೋಡೆಗೆ ಒಂದು ಹಳೆಯ ಚಿಕ್ಕ ಟೀವಿ ಇದೆ. ಅದಕ್ಕೂ ಹಾಲಿನದಕ್ಕೂ ಒಂದೇ ಕೇಬಲ್. ರಾಯರು ಬಟ್ಟೆಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಟೀವಿಗೆ ಮೂಗು ತಾಗಿಸಿದ್ದರು. ಕೋಟಿನ ಆ ಮೂವರೇ ಅಲ್ಲಿದ್ದರು. ಹಿಂದೆ ಮೆಷಿನ್ನಿನಲ್ಲಿ ಎರಡು ಟವಲು ತಿರುಗುತ್ತಿದ್ದವು.

ನಾನು ಸದ್ದು ಮಾಡದೆ ಇನ್ನೊಂದು ಬುಟ್ಟಿ ಬೋರಲು ಹಾಕಿ ಕೂತೆ. ಅಂಕಿ ನಾಲ್ಕಾಯಿತು, ಐದಾಯಿತು, ಆರಾಯಿತು. ಹತ್ತರಲ್ಲಿ ಕೆಂಪು ಚಡ್ಡಿಯವನು ಬಿದ್ದ. ನೀಲಿಯವನು ಗೆದ್ದ. ಬಿದ್ದವನು ಎದ್ದು ನಾಲ್ಕು ದಿಕ್ಕಿಗೂ ಬಗ್ಗಿದ. ರಾಯರು ಎದ್ದು ನಿಂತು ಅವನಿಗೆ ಪ್ರತಿನಮಸ್ಕಾರ ಮಾಡಿ ತಿರುಗಿದರು. ನನ್ನನ್ನು ನೋಡಿ ಹಾಗೆಯೇ ಬಗ್ಗಿ ನಿಂತರು.

"ಪೇಪರ್ ಔಟ್ ಆಗಿದೆ ಅಂತ ಕಾಣುತ್ತೆ, ರಾಯರೇ" ಎಂದೆ.

"ಪಂಕಜಮ್ಮ... ಟವಲು..."

"ಟವಲು ಚೆನ್ನಾಗಿ ಬೆಳ್ಳಗಾಗಿದೆ. ಆಟದ ವಿಷಯ ಹೇಳಿ. ಹೋದ ವಾರ ತೋರಿಸದೆ ಇದ್ದ ಐದನೇ ರೌಂಡು ನಿಮಗೆ ಹೇಗೆ ಗೊತ್ತಾಯ್ತು?"

ಅವರು ಮತ್ತೆ ಬುಟ್ಟಿಯ ಮೇಲೆ ಕೂತರು. "ಟೋಕಿಯೋದಲ್ಲಿ ಭಾನುವಾರ ರಾತ್ರಿ ಎಂಟು ಅಂದ್ರೆ ನಮಗಿಲ್ಲಿ ಬೆಳಗ್ಗೆ ಏಳು. ಆಗ ಪೂರ್ತಿ ಲೈವ್ ತೋರಿಸ್ತಾರೆ. ನಾವು ಐದು ಗಂಟೆಗೆ ನೋಡೋದು ಅದನ್ನೇ ಕತ್ತರಿಸಿ ಒಂದು ಗಂಟೆಗೆ ಹಿಡಿಸಿದ್ದು. ಹೋದ ವಾರ ಐದನೇ ರೌಂಡನ್ನ ಕತ್ತರಿಸಿಬಿಟ್ಟಿದ್ದಾರೆ ಅಂತ ನನಗೇನು ಕನಸು ಬಿತ್ತೆ?"

"ಅಲ್ಲ, ಮೂವತ್ತೆರಡು ವರ್ಷ ಮುದ್ರೆ ಒತ್ತಿದ ಕೈ..."

"ಅದಕ್ಕೇ!" ಎಂದು ಮೆಲ್ಲಗೆ ಅಂದರು. "ಮೂವತ್ತೆರಡು ವರ್ಷ ಎಲ್ಲಾ ಪತ್ರಿಕೆ ನನ್ನ ಕೈಲಿತ್ತು. ಒಂದನ್ನೂ ಬಿಚ್ಚಿ ನೋಡಲಿಲ್ಲ. ಮೊದಲೇ ಗೊತ್ತಿದ್ದುಕೊಂಡು, ಗೊತ್ತಿಲ್ಲದವರ ಮಧ್ಯೆ ಕೂರೋದು ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕಿತ್ತು."

"ಹೇಗಿದೆ?"

"ಬಹಳ ಚೆನ್ನಾಗಿದೆ, ಪಂಕಜಮ್ಮ."

ನಗು ಬಂತು. ತಡೆದುಕೊಂಡು ನನ್ನ ಷರತ್ತು ಹೇಳಿದೆ. ಸಂಜೆ ಅವರು ಸೋತ ಕೆಂಪು ಚಡ್ಡಿಯನ್ನೇ ಹೇಳಬೇಕು. ಕೆಂಪಮ್ಮ ಎಂದಿನಂತೆ ಎದುರು ಹೇಳುತ್ತಾಳೆ, ಕುರ್ಚಿ ಅವಳದಾಗುತ್ತದೆ. ನಾನು ಯಾರಿಗೂ ಏನೂ ಹೇಳುವುದಿಲ್ಲ. ರಾಯರು ಒದ್ದೆ ಟವಲು ಮುಟ್ಟಿ ಒಪ್ಪಿಕೊಂಡರು.

ಸಂಜೆ ಐದು. ರಾಯರು ಗಂಟಲು ಸರಿಮಾಡಿಕೊಂಡು, ಭೇದಿಮಾತ್ರೆ ನುಂಗಿದವರ ಹಾಗೆ, "ಕೆಂಪು" ಎಂದರು.

ಕೆಂಪಮ್ಮ ಒಂದು ಗಳಿಗೆ ಯೋಚಿಸಿದಳು. "ಒಂಬತ್ ಸಲ ಇವ್ರಿಗೆ ಎದ್ರು ಯೋಳಿ ಸೋತೆ. ಕುರ್ಚಿ ಅಂತೂ ನನ್ ಅಣೇಲಿ ಬರ್ದಿಲ್ಲ. ಓಗೋವಾಗಾದ್ರೂ ಗೆದ್ದೋರ್ ಕಡೆ ಇರ್ತೀನಿ. ನಂದೂ ಕೆಂಪೇ!"

"ನಂದೂ ಕೆಂಪ ಬರಕೊಳ್ರಿ" ಎಂದರು ಶರಣಬಸಪ್ಪ.

ರಾಯರು ನನ್ನನ್ನು ನೋಡಿದರು. ನಾನು ರಾಯರನ್ನು ನೋಡಿದೆ. ಕೆಂಪಮ್ಮನ ಮೊಣಕೈ ತಿವಿದು, "ಯೋಚನೆ ಮಾಡು, ನೀಲಿಯವನ ತೋಳು ನೋಡು" ಎಂದೆ.

"ಸುಮ್ಕಿರಕ್ಕ, ನಿಂಗೇನ್ ಗೊತ್ತು ಬಾಕ್ಸಿಂಗು! ರಾಯ್ರು ಯೋಳವ್ರೆ."

ಉಳಿದದ್ದು ನಾನೊಬ್ಬಳು. ದೇವರನ್ನು ನೆನೆದು "ನೀಲಿ" ಎಂದೆ.

ಮೂರಾದ ಮೇಲೆ ಎಂಟು ಬಂತು. ಹತ್ತರಲ್ಲಿ ಕೆಂಪು ಚಡ್ಡಿ ಬಿತ್ತು. "ಅಯ್ಯೋ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ರಾಯರು. ನಾಟಕ ತುಸು ಹೆಚ್ಚೇ ಆಯಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೇಳಿದೆ: "ರಾಯರೇ, ಗೆದ್ದ ಕುರ್ಚಿಯನ್ನ ಬೇರೆಯವರಿಗೆ ಬಿಟ್ಟುಕೊಡೋದಕ್ಕೆ ನಿಮ್ಮ ನಿಯಮದಲ್ಲಿ ಜಾಗ ಇದೆಯೋ?"

ರಾಯರು ಸ್ವೆಟರಿನ ಗುಂಡಿ ಮುಟ್ಟಿಕೊಂಡರು. "ಮರುಮೌಲ್ಯಮಾಪನದಲ್ಲಿ ಇದೆ" ಎಂದರು. ಎದ್ದು ಹೋಗಿ, ಕುರ್ಚಿಯ ಮೇಲಿದ್ದ ತಮ್ಮ ಶಾಲು ತೆಗೆದು, ಕೆಂಪಮ್ಮನನ್ನು ಕೈಹಿಡಿದು ಕೂರಿಸಿ, ಸ್ವಿಚ್ಚನ್ನು ತಾವೇ ಹಾಕಿದರು. ಎರಡು ಸಲ ಒತ್ತಿದರು.

"ಅಯ್ಯಯ್ಯೋ, ಒಳಗ್ಯಾರೋ ಕುಂತ್ಕಂಡು ಗುದ್ದಂಗದೆ!" ಎಂದಳು ಕೆಂಪಮ್ಮ. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮುಚ್ಚಿತು. ಟೀವಿಯಲ್ಲಿ ಸೋತವನು ನಮಸ್ಕಾರ ಮಾಡುತ್ತಿದ್ದ. ಗುರುವಾರದವರೆಗೆ ಆ ಕುರ್ಚಿಯನ್ನು ಇನ್ಯಾರೂ ಮುಟ್ಟಲಿಲ್ಲ.

ಆ ಸಂಜೆ ಶರಣಬಸಪ್ಪನವರು ತಮ್ಮ ಮಡಚುವ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದಿದ್ದರು. "ಪಂಕಜಮ್ಮಾರ, ನೀವು ತೋಳು ನೋಡಿ ಹೇಳಿದ್ರಿ. ಮುಂದಿನ ವಾರದ್ದೂ ಹೇಳಬೇಕ ನೋಡ್ರಿ."

ನನಗೆ ಆ ಮಾತು ಬಹಳ ಚೆನ್ನಾಗಿ ಕೇಳಿಸಿತು.

ಮುಂದಿನ ಭಾನುವಾರ ಏಳಕ್ಕೆ ಐದು ನಿಮಿಷ ಇರುವಾಗ ನಾನು ಲಾಂಡ್ರಿ ರೂಮಿಗೆ ಹೋದೆ. ರಾಯರು ಆಗಲೇ ಎರಡು ಬುಟ್ಟಿ ಬೋರಲು ಹಾಕಿದ್ದರು.

"ಒಂದೇ ಸೀರೆನೋ?" ಎಂದರು.

"ಎರಡೇ ಟವಲೋ?" ಎಂದೆ.

ಅಂಕಿ ಒಂದಾಯಿತು. ಸಂಜೆ ಸರಿ ಹೇಳುವ ಸರದಿ ಯಾರದು ಎಂಬುದು ಮಾತ್ರ ಹನ್ನೆರಡು ರೌಂಡು ಮುಗಿದರೂ ತೀರ್ಮಾನವಾಗಲಿಲ್ಲ.