ಸಿಐಡಿ ಮನೆಯ ಪುಂಡಿಪಲ್ಯ

ನಮ್ಮ ಮಾವನವರು ಪೊಲೀಸ್ ಇಲಾಖೆಯ ಗುಪ್ತವಾರ್ತೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರು ಅವರನ್ನು ಸಿಐಡಿ ಸಾಹೇಬರು ಅನ್ನುತ್ತಿತ್ತು, ಗುಪ್ತ ಅನ್ನುವುದು ಹೆಸರಿಗಷ್ಟೇ. ಕೊಪ್ಪಳದಿಂದ ಗಂಗಾವತಿಯವರೆಗೆ ಅವರು ಯಾರೆಂದು ಗೊತ್ತಿಲ್ಲದ ಪುಢಾರಿ ಒಬ್ಬನೂ ಇರಲಿಲ್ಲ. ಕಾಲುವೆಗೆ ನೀರು ಬಿಡಿ ಎಂದು ರೈತರು ಮುನಿರಾಬಾದಿನ ನೀರಾವರಿ ಆಫೀಸಿನ ಮುಂದೆ ಕೂತರೆ ಇವರೂ ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಭಾಷಣ ಮಾಡುವವನು ಮೈಕಿನಲ್ಲೇ, "ಸಾಹೇಬ್ರ, ಬರಕೊಂಡ್ರಿಲ್ಲ? ಇಲ್ಲಾಂದ್ರ ಇನ್ನೊಮ್ಮಿ ಹೇಳ್ತೀನ್ರಿ," ಅನ್ನುತ್ತಿದ್ದನಂತೆ. ಇದನ್ನು ಹೇಳಿ ಅವರೇ ನಗುತ್ತಿದ್ದರು. ಕೆಲಸದ ಬಗ್ಗೆ ಮನೆಯಲ್ಲಿ ಅವರು ಹೇಳಿದ್ದು ಈ ಒಂದೇ ಕಥೆ.

ಇನ್ನೊಂದು ನೇಮ ಅವರಿಗಿತ್ತು. ಮನೆ ಬಿಟ್ಟು ಹೊರಗೆ ಒಂದು ಗುಟುಕು ಚಹಾ ಕೂಡ ಕುಡಿಯುತ್ತಿರಲಿಲ್ಲ. "ಉಂಡ ಮನಿಗೆ ಎರಡು ಬಗೀಬಾರ್ದವಾ. ನನ್ನ ಕೆಲಸನ ಎರಡು ಬಗಿಯೂದು. ಅದಕ್ಕ ಎಲ್ಲೂ ಉಣ್ಣಂಗಿಲ್ಲ," ಎಂದು ಒಮ್ಮೆ ನನಗೆ ಹೇಳಿದ್ದರು. ನಿವೃತ್ತಿಯಾದ ಮೇಲೂ ಅದು ಬಿಡಲಿಲ್ಲ. ಮದುವೆಗೆ ಹೋದರೂ ಅಕ್ಷತೆ ಹಾಕಿ ವಾಪಸ್ ಬಂದು ಮನೆಯಲ್ಲಿ ತಾಟಿನ ಮುಂದೆ ಕೂರುವವರು. ಇದು ಊರಿಗೆಲ್ಲ ಗೊತ್ತಿತ್ತು. ಮುಂದೆ ನನ್ನ ಕುತ್ತಿಗೆಗೆ ಬಂದದ್ದು ಈ ನೇಮವೇ.

ಆ ದಿನ ಸೋಮವಾರ, ಯಾವುದೋ ಜಯಂತಿಯ ರಜೆ. ನಾನು ಕುಷ್ಟಗಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರು, ಹಾಗಾಗಿ ಮನೆಯಲ್ಲಿದ್ದೆ. ಮಕ್ಕಳಿಬ್ಬರೂ ಹಾಸ್ಟೆಲ್‌ನಲ್ಲಿದ್ದರು. ನಮ್ಮನೆಯವರು ಬಸ್‌ಸ್ಟ್ಯಾಂಡ್ ರಸ್ತೆಯ ತಮ್ಮ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿಗೆ ಹೋಗಿದ್ದರು. ಅತ್ತೆಯವರಿಗೆ ಸೋಮವಾರ ಒಪ್ಪತ್ತು, ಸಂಜೆಯ ಪೂಜೆ ಆಗುವ ತನಕ ಏನೂ ಉಣ್ಣುವುದಿಲ್ಲ. ನಮ್ಮ ಮನೆಯಲ್ಲಿ ಉಣ್ಣುವುದಕ್ಕೊಂದು ಪಾಳಿ ಇತ್ತು. ಮೊದಲು ಮಾವನವರು, ಆಮೇಲೆ ಅತ್ತೆಯವರು, ಅಂಗಡಿಯಿಂದ ಬಂದ ಮೇಲೆ ನಮ್ಮನೆಯವರು, ಕಡೆಗೆ ನಾನು. ಗಂಡು ಹೆಣ್ಣು ಸಮಾನ ಎಂದು ಶಾಲೆಯಲ್ಲಿ ಪಾಠ ಹೇಳಿ ಬಂದು ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ಆರಿದ ರೊಟ್ಟಿ ಮುರಿಯುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದರ ಮೇಲೆ ಸಿಟ್ಟೂ ಬರುತ್ತಿರಲಿಲ್ಲ.

ಹೀಗಾಗಿ ಆ ಮಧ್ಯಾಹ್ನ ಉಂಡವರು ಮಾವನವರೊಬ್ಬರೇ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು. ಪಲ್ಯ ಹುಳಿ ಬಿಟ್ಟುಕೊಂಡು ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡರು. ಕೈ ತೊಳೆದು ಹೊರಗೆ ಕಟ್ಟೆಯ ಮೇಲೆ ಕೂತವರು ಎದೆ ಉರಿಯುತ್ತದೆ ಅಂದರು. ಅಂಗಿ ತೊಯ್ಯುವಷ್ಟು ಬೆವರಿದರು, ವಾಂತಿ ಮಾಡಿದರು. ನಮ್ಮನೆಯವರು ಓಡಿ ಬಂದರು, ಆಂಬುಲೆನ್ಸ್ ಹತ್ತಿಸಿ ಕೊಪ್ಪಳಕ್ಕೆ ಹೊರಟೆವು. ದಾರಿಯಲ್ಲಿ ಬಾಯಿಂದ ನೊರೆ ಬಂತು, ನಾನೇ ಸೆರಗಿನಿಂದ ಒರೆಸಿದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ.

ನಮ್ಮ ಕಡೆ ಬಾಯಲ್ಲಿ ನೊರೆ ಬಂತೆಂದರೆ ಜನರಿಗೆ ಒಂದೇ ಅರ್ಥ. ಬೆಳೆಗೆ ಹೊಡೆಯುವ ವಿಷಕ್ಕೆ ನಾವು ಎಣ್ಣೆ ಎನ್ನುತ್ತೇವೆ. ಎಣ್ಣೆ ಕುಡಿದವರನ್ನು ಪ್ರತಿ ಹಳ್ಳಿಯೂ ಕಂಡಿದೆ, ಅವರ ಬಾಯಿಯ ನೊರೆಯನ್ನೂ ಕಂಡಿದೆ. ನೊರೆಗೆ ಬೇರೆ ಕಾರಣವೂ ಇರಬಹುದು ಎಂದು ಹೇಳುವವರು ಯಾರೂ ಇರಲಿಲ್ಲ. ಡಾಕ್ಟರು ಅನುಮಾನ ಎಂದು ಬರೆದರು, ಪೋಸ್ಟ್‌ಮಾರ್ಟಂ ಆಯಿತು, ಒಳಗಿನ ಭಾಗಗಳನ್ನು ಪರೀಕ್ಷೆಗೆ ಕಳಿಸಿದರು. ಹೆಣ ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು: ಸಿಐಡಿ ಸಾಹೇಬರಿಗೆ ಯಾರೋ ಎಣ್ಣೆ ಹಾಕಿದ್ದಾರೆ.

ಮೊದಲಿಗೆ ಊರು ನಮ್ಮ ಮೇಲೆ ಮರುಕದಿಂದಲೇ ಇತ್ತು. ಉಸುಕಿನ ಲಾರಿಯವರು ಮಾಡಿಸಿದ್ದಾರೆ ಅಂದರು. ಅಲ್ಲ, ಕಲ್ಲಿನ ಕ್ವಾರಿಯವರು ಅಂದರು. ಗಂಗಾವತಿಯ ದೊಡ್ಡ ಮನುಷ್ಯರೊಬ್ಬರ ಹಳೆಯ ಫೋಟೋ ಇವರ ಕೈಯಲ್ಲಿತ್ತು ಅಂದರು. ಯಲಬುರ್ಗಾದಿಂದ ಮಾತಾಡಿಸಲು ಬಂದ ದೂರದ ಬೀಗರೊಬ್ಬರು ಹೆಣದ ಮುಂದೆಯೇ ಕೂತು, "ಫಾರಿನ್ನಾಗ ಹಿಂಗ ಮಾಡ್ತಾರ್ರಿ. ರಿಟೈರ್ಡ್ ಗೂಢಚಾರರಿಗೆ ಚಾದಾಗ ಹಾಕಿ ಕೊಡ್ತಾರ. ಪೇಪರ್‌ನ್ಯಾಗ ಬಂದಿತ್ತು," ಎಂದು ನಮಗೆ ತಿಳಿವಳಿಕೆ ಕೊಟ್ಟರು. ಮೊಬೈಲಿನಲ್ಲೇ ಚಾನೆಲ್ ನಡೆಸುವ ಒಬ್ಬಾತ ನಮ್ಮ ಗೇಟಿನ ಮುಂದೆ ಮೈಕ್ ಹಿಡಿದು ನಿಂತು, "ಮಾಜಿ ಗೂಢಚಾರನ ನಿಗೂಢ ಸಾವು, ತಟ್ಟೆಯಲ್ಲಿ ಇದ್ದದ್ದೇನು?" ಎಂದು ಕೇಳಿದ. ನಮ್ಮ ಮಾವನವರು ತಿಂಗಳಿಗೊಮ್ಮೆ ಪಿಂಚಣಿಗೆ ಬ್ಯಾಂಕಿನ ಪಾಳಿಯಲ್ಲಿ ನಿಲ್ಲುವುದು ಬಿಟ್ಟರೆ ಬೇರೆ ಸಾಹಸ ಮಾಡದೆ ವರ್ಷಗಳೇ ಆಗಿದ್ದವು. ಸತ್ತ ಮೇಲೆ ಅವರು ಭಾರೀ ಮನುಷ್ಯರಾದರು.

ಆಮೇಲೆ ಚಹದ ಅಂಗಡಿಯಲ್ಲಿ ಯಾರೋ ಬುದ್ಧಿವಂತ ಲೆಕ್ಕ ಹಾಕಿದ. "ಆ ಮನಷ್ಯಾ ಹೊರಗ ಒಂದು ಹನಿ ನೀರು ಮುಟ್ಟಾಂವಲ್ಲ. ಅಂದಮ್ಯಾಲ ಹೊರಗಿನವರು ಹೆಂಗ ಹಾಕ್ತಾರ? ವಿಚಾರ ಮಾಡ್ರಿ. ಮಗಂದು ಎಣ್ಣಿ ಅಂಗಡಿ ಐತಿ. ಉಂಡಾಂವ ಅಂವೊಬ್ಬನ. ಬಡಿಸಿದಾಕಿ ಯಾರು?" ಇದನ್ನು ನಮ್ಮನೆಯವರ ಗೆಳೆಯರೇ ಬಂದು ನಮಗೆ ಹೇಳಿದರು, ನಮ್ಮ ಒಳ್ಳೆಯದಕ್ಕೆ.

ನಾನು ಮಾವನವರ ಜೊತೆ ಜಗಳವಾಡಿದ್ದೂ ಊರಿಗೆ ಆಗಲೇ ನೆನಪಾಯಿತು. ಅದಕ್ಕೆ ಸ್ವಲ್ಪ ದಿನ ಮೊದಲು ನಾನು ತರಬೇತಿಗೆಂದು ಕೊಪ್ಪಳಕ್ಕೆ ಹೋಗಿದ್ದೆ. ನಾನು ನಿಜವಾಗಿ ಹೋಗಿದ್ದೆನೋ ಇಲ್ಲವೋ ಎಂದು ಮಾವನವರು ನಮ್ಮ ಹೆಡ್‌ಮಾಸ್ತರಿಗೆ ಫೋನ್ ಮಾಡಿ ವಿಚಾರಿಸಿದ್ದರು. ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತವರ ಮುಂದೆ ನಿಂತು, "ಮನಿಯಾಗೂ ಡ್ಯೂಟಿ ಮಾಡ್ತೀರೇನ್ರಿ ಮಾವಾರ? ನನ್ನ ಮ್ಯಾಲ ರಿಪೋರ್ಟ್ ಯಾರಿಗೆ ಕಳಸ್ತೀರಿ?" ಎಂದು ಕೂಗಿದ್ದೆ. ಓಣಿಯೆಲ್ಲ ಕೇಳಿತ್ತು. ಕೂಗಿದ್ದು ತಪ್ಪೆಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ. ಮಾವನವರು ಮರುದಿನವೇ ಅದನ್ನು ಮರೆತಿದ್ದರು.

ಪೊಲೀಸರು ಬಂದು ಉಳಿದ ಪುಂಡಿಪಲ್ಯ ಒಯ್ದರು, ಗುರೆಳ್ಳು ಚಟ್ನಿಯ ಸ್ಟೀಲ್ ಡಬ್ಬಿಯನ್ನೂ ಒಯ್ದರು. ಮಾವನವರ ಕೈಕೆಳಗೆ ಕೆಲಸ ಕಲಿತ ಒಬ್ಬರು ನನ್ನನ್ನು ಕೂರಿಸಿಕೊಂಡು, ಬೇಡದ ಕೆಲಸ ಎಂಬಂಥ ಮುಖ ಮಾಡಿ, ಕೇಳಿದ್ದನ್ನೇ ಕೇಳಿದರು. ನಾನು ಹೇಳಿದ್ದನ್ನೇ ಹೇಳಿದೆ. ಅಳು ಬರಲಿಲ್ಲ. ಬಹಳ ಹೊತ್ತು ಕಾಲು ಮಡಿಚಿ ಕೂತರೆ ಜೋಮು ಹಿಡಿಯುತ್ತದಲ್ಲ, ನನ್ನ ಇಡೀ ಮೈಗೆ ಹಾಗೆ ಆಗಿತ್ತು. ಚಿವುಟಿದರೆ ಯಾರದೋ ಮೈ ಚಿವುಟಿದಂತೆ.

ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಅದು ನನಗೆ ಗೊತ್ತಿತ್ತು. ನಮ್ಮನೆಯವರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಆದರೆ ಅವರು ಯಾವುದರ ಮೇಲೂ ಮಾತಾಡುವವರಲ್ಲ. ನನಗೆ ಬೇಕಿದ್ದದ್ದು ಒಬ್ಬರ ಮಾತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಕೈ ಅಡುಗೆ ಉಂಡ ಅತ್ತೆಯವರು, "ನೀ ಅಂಥಾಕಿ ಅಲ್ಲ ಬಿಡವಾ," ಎಂದು ಒಂದು ಸಲ ಅಂದರೆ ಸಾಕಾಗಿತ್ತು. ಅವರು ಅನ್ನಲಿಲ್ಲ. ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಒರಗಿ ಕೂತೇ ಇರುತ್ತಿದ್ದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ದಿನಕರ್ಮದ ತನಕ ನೆರೆಹೊರೆಯವರು ರೊಟ್ಟಿ ಗಂಟು ತಂದುಕೊಟ್ಟರು. ದಿನಕರ್ಮದ ಊಟಕ್ಕೆ ಅಡುಗೆಯವರನ್ನು ಹೊರಗಿನಿಂದ ಕರೆಸಿದ್ದೇವೆ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಪಂಕ್ತಿಯಲ್ಲಿ ಕೂತವರು ಅನ್ನಕ್ಕೆ ಕೈ ಹಾಕಿದರು. ಅದೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ಮತ್ತೆ ರೊಟ್ಟಿ ಬಡಿದೆ. ಅತ್ತೆಯವರಿಗೆ ಬಡಿಸಿ ಒಳಗೆ ಹೊರಟವಳನ್ನು ಅವರು ಕರೆದರು. "ಎಲ್ಲಿ ಹೊಂಟಿ? ನಿನ್ನ ತಾಟೂ ತಗೊಂಡ ಬಾ. ನನ್ನ ಜೋಡಿ ಕುಂದ್ರು."

ಮದುವೆಯಾಗಿ ಬಂದಾಗಿನಿಂದ ಅವರು ಹೀಗೆ ಕರೆದಿರಲಿಲ್ಲ. ನಾನು ತಾಟು ತಂದು ಎದುರಿಗೆ ಕೂತೆ. "ಉಪ್ಪು ಸರಿ ಐತೇನು ನೋಡು," ಅಂದರು. ಒಂದು ತುತ್ತು ಉಂಡು ಸರಿ ಇದೆ ಅಂದೆ. ಅವರು ರೊಟ್ಟಿ ಮುರಿದಿಟ್ಟುಕೊಂಡು ಆ ಮಾತು ಈ ಮಾತು ತೆಗೆದರು. ಬಾಯಲ್ಲಿ ಹೇಳಲಾರದ್ದನ್ನು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಆ ದಿನಗಳಲ್ಲಿ ನನಗೆ ಏನಾದರೂ ಅನಿಸಿದ್ದು ಅದೊಂದೇ ಸಲ.

ಅವತ್ತಿನಿಂದ ದಿನವೂ ಹಾಗೆಯೇ. ಉಪ್ಪು ಕೇಳುವುದು, ಆಮೇಲೆ ಮಾತು. ಅವರಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆಯವರು ತವರಿಗೆ ಹೋದಾಗ, ಅಲ್ಲಿ ಯಾರ ಯಾರ ಮನೆಗೆ ಹೋಗಿದ್ದರು ಎಂದು ಮಾವನವರು ಬಸ್ ಕಂಡಕ್ಟರನಿಂದ ಹಿಡಿದು ಎಲ್ಲರನ್ನೂ ವಿಚಾರಿಸುತ್ತಿದ್ದರಂತೆ. "ನಿನ್ನಂಗ ಓಣ್ಯಾಗ ನಿಂತು ಒದರಾಕ ನನಗ ಧೈರ್ಯ ಇರಲಿಲ್ಲವಾ," ಅಂದರು. ನಾವಿಬ್ಬರೂ ನಕ್ಕೆವು. ಸಾವಿನ ಮನೆ, ನಗಬಾರದಿತ್ತು.

ಶಾಲೆಯಲ್ಲಿ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಟೀಚರೊಬ್ಬರು ಉಂಡು ನೋಡಬೇಕು, ಅರ್ಧ ತಾಸು ಕಾಯಬೇಕು, ಏನೂ ಆಗದಿದ್ದರೆ ಮಕ್ಕಳಿಗೆ ಬಡಿಸಬೇಕು. ನಮ್ಮಲ್ಲಿ ಅದು ವರ್ಷಗಳಿಂದ ನನ್ನ ಕೆಲಸ. ನಾನು ರಜೆ ಮುಗಿಸಿ ಹೋದ ದಿನ ಹೆಡ್‌ಮಾಸ್ತರು, "ಮೇಡಂ, ನೀವು ಸ್ವಲ್ಪ ದಿನ ಆರಾಮ ತಗೊಳ್ರಿ, ರುಚಿ ನೋಡೂದು ಬ್ಯಾರೇದವರು ಮಾಡ್ಲಿ," ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ. ಯಾರೋ ತಾಯಂದಿರು ಬಂದು ಹೇಳಿ ಹೋಗಿದ್ದರೆಂದು ಅಡುಗೆಯಾಕೆ ನನ್ನ ಕಿವಿಯಲ್ಲಿ ಹಾಕಿದಳು. ವಿಷ ಹಾಕುವವಳೇ ಮೊದಲು ಉಂಡರೆ ಅದಕ್ಕಿಂತ ಗಟ್ಟಿ ಪರೀಕ್ಷೆ ಯಾವುದಿದೆ ಎಂದು ಕೇಳಬೇಕೆನಿಸಿತು. ಪಾಠದ ಪುಸ್ತಕ ತಗೊಂಡು ಕ್ಲಾಸಿಗೆ ಹೋದೆ.

ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದೆ. ನನ್ನ ಬದಲಿಗೆ ರುಚಿ ನೋಡುವ ಮಾಸ್ತರರು ಅನ್ನ ಸಾಂಬಾರು ಕಲೆಸಿ ಉಣ್ಣುತ್ತಿದ್ದರು. ಮಕ್ಕಳು ಖಾಲಿ ತಾಟು ಹಿಡಿದು ಸಾಲಾಗಿ ಕೂತು ಅವರ ಬಾಯಿಯನ್ನೇ ನೋಡುತ್ತಿದ್ದರು. ನುಂಗುವಾಗ ಗಂಟಲನ್ನು ನೋಡುತ್ತಿದ್ದರು. ಇಷ್ಟು ವರ್ಷ ಉಣ್ಣುವವಳು ನಾನೇ ಆಗಿದ್ದರಿಂದ ಆ ನೋಟ ಹೇಗಿರುತ್ತದೆ ಎಂದು ನಾನು ಗಮನ ಕೊಟ್ಟು ನೋಡಿರಲಿಲ್ಲ. ಈಗ ನೋಡಿದೆ, ನೋಡಿದ ತಕ್ಷಣ ಗುರುತು ಸಿಕ್ಕಿತು. ಅತ್ತೆಯವರು ದಿನವೂ ನನ್ನನ್ನು ನೋಡುತ್ತಿದ್ದದ್ದು ಹೀಗೆಯೇ. ಅವರ ಮಾತು ಮುಗಿಯುವುದು ನಾನು ಒಂದು ರೊಟ್ಟಿ ಮುಗಿಸಿ ಸುಮಾರು ಹೊತ್ತಾದ ಮೇಲೆ. ಅವರು ಮೊದಲ ತುತ್ತು ಎತ್ತುವುದು ಆಮೇಲೆ.

ಅವತ್ತು ರಾತ್ರಿಯೂ ಅತ್ತೆಯವರ ಎದುರಿಗೆ ತಾಟು ಇಟ್ಟುಕೊಂಡು ಕೂತೆ. ಸಿಟ್ಟು ಬರಬೇಕಿತ್ತು, ಅದೂ ಪೂರ್ತಿ ಬರಲಿಲ್ಲ. ಮೊದಲ ತುತ್ತು ದೊಡ್ಡದು ಮಾಡಿ ಅವರಿಗೆ ಕಾಣುವಂತೆ ಅಗಿದು ನುಂಗಿದೆ, ಅಷ್ಟೇ. ಉಪ್ಪು ಸರಿ ಇದೆ ಅಂದೆ. ಅವರು ತಮ್ಮ ತಂಗಿಯ ಮದುವೆಯಲ್ಲಿ ಆದ ರಾದ್ಧಾಂತ ಹೇಳಲು ಶುರು ಮಾಡಿದರು, ನಾನು ಕೇಳಿದೆ. ಕಥೆ ಚೆನ್ನಾಗಿಯೇ ಇತ್ತು. ಹೀಗೆ ತಿಂಗಳುಗಳು ಹೋದವು. ಅವರಿಗೆ ನನ್ನ ಮೇಲೆ ನಂಬಿಕೆ ಇಲ್ಲ ಎಂದು ಗೊತ್ತಿದ್ದೂ, ಶಾಲೆ ಬಿಟ್ಟ ಮೇಲೆ ಮನೆಗೆ ಬೇಗ ಬರುತ್ತಿದ್ದೆ. ಊರಲ್ಲಿ ನನ್ನ ಜೊತೆ ಕೂತು ಮಾತಾಡುವವರು ಅವರೊಬ್ಬರೇ ಉಳಿದಿದ್ದರು.

ಕಡೆಗೆ ರಿಪೋರ್ಟ್ ಬಂತು. ಯಾವ ವಿಷವೂ ಇಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡು ಸಾವು, ಹಾಗಾದಾಗಲೂ ಬಾಯಲ್ಲಿ ನೊರೆ ಬರುವುದುಂಟು ಎಂದು ಡಾಕ್ಟರು ನಮ್ಮನೆಯವರಿಗೆ ತಿಳಿಸಿ ಹೇಳಿದರಂತೆ. ಚಹದ ಅಂಗಡಿಯವರು ಅದನ್ನು ಒಪ್ಪಲಿಲ್ಲ. "ಪೊಲೀಸ್ ಮಂದಿ, ರಿಪೋರ್ಟ್ ಮಾಡಿಸಿಕೊಂಡಾರ," ಅಂದರು. ಪರೀಕ್ಷೆಯಲ್ಲಿ ಕಾಣದಂಥ ಎಣ್ಣೆಯೂ ಬಂದಿದೆ ಅಂದರು. ಹೆಡ್‌ಮಾಸ್ತರು ಮಾತ್ರ ಸರ್ಕಾರಿ ಕಾಗದ ನಂಬುವವರು, ರುಚಿ ನೋಡುವ ಕೆಲಸ ನನಗೆ ವಾಪಸ್ ಕೊಟ್ಟರು. ಚಟ್ನಿಯ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.

ನಮ್ಮನೆಯವರು ರಿಪೋರ್ಟನ್ನು ಅತ್ತೆಯವರ ಮುಂದೆ ಓದಿ ಹೇಳಿ ಅಂಗಡಿಗೆ ಹೋದರು. ಅವತ್ತು ಪುಂಡಿಪಲ್ಯ ಮಾಡಿದೆ. ಮಾವನವರು ಹೋದ ಮೇಲೆ ಮಾಡಿದ್ದು ಅದೇ ಮೊದಲು. ಅತ್ತೆಯವರಿಗೆ ಬಡಿಸಿ, ನನ್ನ ತಾಟು ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವರು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟು ಅಗಿಯುತ್ತಿದ್ದರು.

"ಅತ್ತಿಯವರ, ನಾ ಉಣ್ಣೂತನಕ ಕಾಯೂದಿಲ್ಲೇನ್ರಿ?" ಅಂದೆ.

ಅವರು ತುತ್ತು ನುಂಗಿದರು. ನನ್ನ ಮುಖವನ್ನೇ ನೋಡಿದರು. ನನಗೆ ಎಲ್ಲ ಗೊತ್ತಿತ್ತು ಎಂಬುದು ಅವರಿಗೆ ತಿಳಿಯಿತು. ತಲೆ ತಗ್ಗಿಸಲಿಲ್ಲ.

"ಇನ್ನ ಯಾಕವಾ? ರಿಪೋರ್ಟ್ ಬಂತಲ್ಲ," ಅಂದರು. "ನೀ ಆಮ್ಯಾಲ ಉಣ್ಣು. ನಿನ್ನ ಗಂಡ ಬರ್ಲಿ, ಮೊದಲ ಅಂವಗ ಹಾಕು."

ನಾನು ತಾಟು ವಾಪಸ್ ಒಯ್ದು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಇಟ್ಟೆ. ಬಂದು ಅವರಿಗೆ ಇನ್ನೊಂದು ರೊಟ್ಟಿ ಬಡಿಸಿದೆ.